ಬೈ ಟು ಕಾಫಿಯಿಂದ ಬೈ ಎಲೆಕ್ಷನ್ ತನಕ: ಇಂಗ್ಲಿಷಿನ ‘ಬೈ’ ಹೇಗೆ ಕೆಲಸ ಮಾಡುತ್ತದೆ

ಮೈಸೂರಿನ ಯಾವ ಹೋಟೆಲಿನಲ್ಲಿ ಕೂತು ‘ಬೈ ಟು ಕಾಫಿ’ ಅಂದರೂ ಒಂದು ಕಾಫಿ ಎರಡು ಲೋಟದಲ್ಲಿ ಬರುತ್ತದೆ. ಅದೇ ಊರಿನ ಸೈಟ್ ಬ್ರೋಕರ್ ‘ಥರ್ಟಿ ಬೈ ಫಾರ್ಟಿ ಇದೆ ಸಾರ್’ ಅಂದರೆ ನಾವು ಮನಸ್ಸಿನಲ್ಲೇ 30ನ್ನು 40ರಿಂದ ಗುಣಿಸಿ 1200 ಚದರಡಿ ಅಂದುಕೊಳ್ಳುತ್ತೇವೆ. ಕಾಫಿಗೆ ಭಾಗಾಕಾರ, ಸೈಟಿಗೆ ಗುಣಾಕಾರ. ಪದ ಮಾತ್ರ ಒಂದೇ, ‘ಬೈ’. ಆದರೂ ಯಾರೂ ತಬ್ಬಿಬ್ಬಾಗುವುದಿಲ್ಲ.

ತಬ್ಬಿಬ್ಬು ಶುರುವಾಗುವುದು ಇಂಗ್ಲಿಷ್ ಬರೆಯಲು ಕೂತಾಗ. ಬಸ್ಸಿಗೆ ಬೈ ಹಾಕಬೇಕೋ, ಇನ್ ಹಾಕಬೇಕೋ? ಐದು ಗಂಟೆಗೆ ಬೈ ಸರಿಯೋ, ಟಿಲ್ ಸರಿಯೋ? ‘ಕೀಲಿಯಿಂದ ಬಾಗಿಲು ತೆಗೆದ’ ಅನ್ನುವುದಕ್ಕೆ ಬೈ ಯಾಕೆ ಬರುವುದಿಲ್ಲ? ಇದಕ್ಕೆಲ್ಲ ಮುಖ್ಯ ಕಾರಣ, ‘ಬೈ ಅಂದರೆ ಇಂದ’ ಅಂತ ಒಂದೇ ಸಾಲಿನಲ್ಲಿ ಕಲಿತು ಮುಗಿಸಿರುವುದು. ಕನ್ನಡದ ‘ಇಂದ’ ತಾನೇ ಸಿಕ್ಕಾಪಟ್ಟೆ ಕೆಲಸ ಮಾಡುವ ಪ್ರತ್ಯಯ. ಮಂಡ್ಯದಿಂದ ಬಂದೆ, ಚಾಕುವಿನಿಂದ ಕತ್ತರಿಸಿದೆ, ಜ್ವರದಿಂದ ಮಲಗಿದೆ, ಬೆಳಗ್ಗೆಯಿಂದ ಕಾಯುತ್ತಿದ್ದೇನೆ. ಈ ನಾಲ್ಕರಲ್ಲಿ ಒಂದಕ್ಕೂ ಇಂಗ್ಲಿಷಿನಲ್ಲಿ ಬೈ ಬರುವುದಿಲ್ಲ. ಕ್ರಮವಾಗಿ ಫ್ರಮ್, ವಿತ್, ಬಿಕಾಸ್ ಆಫ್, ಸಿನ್ಸ್.

ಹಾಗಾಗಿ ಬೈಗೆ ಕನ್ನಡದಲ್ಲಿ ಒಂದು ಸಮಾನ ಪದ ಹುಡುಕುವುದನ್ನು ಬಿಡುವುದೇ ಒಳ್ಳೆಯದು. ಅದರ ಬದಲು, ಈ ವಾಕ್ಯದಲ್ಲಿ ಬೈ ಯಾವ ಪ್ರಶ್ನೆಗೆ ಉತ್ತರ ಕೊಡುತ್ತಿದೆ ಅಂತ ನೋಡಿ. ಎಲ್ಲಿ? ಯಾರು? ಹೇಗೆ? ಯಾವಾಗಿನ ಒಳಗೆ? ಎಷ್ಟು? ಪ್ರಶ್ನೆ ಸಿಕ್ಕಿತು ಅಂದರೆ ಅದಕ್ಕೆ ತಕ್ಕ ಕನ್ನಡ ತಾನಾಗಿ ಬರುತ್ತದೆ. ಒಂದು ಕಡೆ ‘ಪಕ್ಕ’, ಇನ್ನೊಂದು ಕಡೆ ‘ಅಲ್ಲಿ’, ಮತ್ತೊಂದು ಕಡೆ ‘ಹೊತ್ತಿಗೆ’. ಕೆಲವು ಕಡೆ ಏನೂ ಇಲ್ಲ.

ಮೊದಲ ಅರ್ಥ: ಪಕ್ಕ

ಬೈ ಹಳೆಯ ಪದ. ಹಳೆಯ ಇಂಗ್ಲಿಷಿನಲ್ಲೂ ಇತ್ತು, ಜರ್ಮನ್ ಭಾಷೆಯಲ್ಲಿ ಇದರ ಬಂಧು ‘ಬೈ’ ಅಂತಲೇ ಇವತ್ತಿಗೂ ಬಳಕೆಯಲ್ಲಿದೆ. ಇದರ ಮೊದಲ ಅರ್ಥ ಪಕ್ಕದಲ್ಲಿ, ಮಗ್ಗುಲಲ್ಲಿ. ‘ಎ ಹೌಸ್ ಬೈ ದ ಲೇಕ್’ ಅಂದರೆ ಕೆರೆ ಪಕ್ಕದ ಮನೆ. ಕಿಟಕಿ ತೆಗೆದರೆ ನೀರು ಕಾಣಬೇಕು. ಕುಕ್ಕರಹಳ್ಳಿ ಕೆರೆಗೆ ಎರಡು ಕಿಲೋಮೀಟರ್ ದೂರದ ಬಡಾವಣೆಗೆ ಇದನ್ನು ಹೇಳಲು ಬರುವುದಿಲ್ಲ. ಅದಕ್ಕೆ ‘ನಿಯರ್’ ಸಾಕು. ಸೈಟ್ ಜಾಹೀರಾತುಗಳಲ್ಲಿ ರಿಂಗ್ ರೋಡಿಗೆ, ಏರ್‌ಪೋರ್ಟಿಗೆ ಎಲ್ಲದಕ್ಕೂ ‘ನಿಯರ್’ ಅಂತಲೇ ಬರೆಯುವುದು ಸುಮ್ನೆ ಅಲ್ಲ. ನಿಯರ್ ಎಷ್ಟು ದೂರ ಎಳೆದರೂ ಹಿಗ್ಗುತ್ತದೆ, ಬೈ ಹಿಗ್ಗುವುದಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಊರುಗಳ ವಿಷಯಕ್ಕೆ ಬಂದರೆ ಬೈ ನಡೆಯುವುದಿಲ್ಲ. ಶ್ರೀರಂಗಪಟ್ಟಣ ‘ನಿಯರ್ ಮೈಸೂರು’, ‘ಬೈ ಮೈಸೂರು’ ಅಲ್ಲ. ಊರಿಗೆ ಊರು ಎಷ್ಟೇ ಹತ್ತಿರ ಇದ್ದರೂ ಮಗ್ಗುಲಲ್ಲಿ ಕೂತ ಹಾಗೆ ಇಂಗ್ಲಿಷ್ ಎಣಿಸುವುದಿಲ್ಲ. ಆದರೆ ಅದೇ ಶ್ರೀರಂಗಪಟ್ಟಣದಲ್ಲಿ ಹೊಳೆ ದಂಡೆಯ ಮೇಲೆ ಕೂತಿದ್ದರೆ ‘ಬೈ ದ ರಿವರ್’ ಸರಿಯಾಗಿ ಒಪ್ಪುತ್ತದೆ.

ಪಕ್ಕದಲ್ಲಿ ಇರುವುದು ಒಂದು, ಪಕ್ಕದಲ್ಲಿ ಹಾದುಹೋಗುವುದು ಇನ್ನೊಂದು. ದಸರಾ ಮೆರವಣಿಗೆ ಸಯ್ಯಾಜಿರಾವ್ ರಸ್ತೆಯಲ್ಲಿ ಬನ್ನಿಮಂಟಪದ ಕಡೆ ಹೋಗುವಾಗ ಬದಿಯಲ್ಲಿ ನಿಂತವರ ಮುಂದೆ ಅಂಬಾರಿ ‘ಗೋಸ್ ಬೈ’. ಮುಂದಿನಿಂದ ಹಾದು ಹೋಗುತ್ತದೆ, ನಿಲ್ಲುವುದಿಲ್ಲ. ಇದೇ ಅರ್ಥ ನಮಗೆ ಚೆನ್ನಾಗಿ ಗೊತ್ತಿರುವ ಇನ್ನೊಂದು ಪದದಲ್ಲಿದೆ, ಬೈಪಾಸ್. ಬೆಂಗಳೂರು–ಮೈಸೂರು ನಡುವಿನ 118 ಕಿಲೋಮೀಟರ್ ಎಕ್ಸ್‌ಪ್ರೆಸ್ ವೇ 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತಲ್ಲ, ಅದರಲ್ಲಿ ಮದ್ದೂರಿಗೂ ಬೈಪಾಸ್, ಮಂಡ್ಯಕ್ಕೂ ಬೈಪಾಸ್, ಶ್ರೀರಂಗಪಟ್ಟಣಕ್ಕೂ ಬೈಪಾಸ್. ಊರಿನ ಒಳಗೆ ಹೋಗದೆ ಬದಿಯಲ್ಲೇ ಹಾದುಹೋಗುವ ರಸ್ತೆ. ಮದ್ದೂರು ವಡೆ ಮಾರುವವರನ್ನು ಕೇಳಿದರೆ ಈ ಪದದ ಅರ್ಥವನ್ನು ಯಾವ ಡಿಕ್ಷನರಿಗಿಂತ ಚೆನ್ನಾಗಿ ಹೇಳುತ್ತಾರೆ.

ಹಾದುಹೋಗುವ ಅರ್ಥದಿಂದಲೇ ‘ಆ ದಾರಿಯಲ್ಲಿ’ ಅನ್ನುವ ಅರ್ಥವೂ ಬಂತು. ಬೆಂಗಳೂರಿಗೆ ಮಂಡ್ಯದ ಮೇಲೆ ಹೋಗದೆ ಬನ್ನೂರು, ಮಳವಳ್ಳಿ, ಕನಕಪುರದ ಮೇಲೆ ಹೋದೆ ಅನ್ನುವುದಕ್ಕೆ ‘ಬೈ ದ ಬನ್ನೂರ್ ರೋಡ್’. ಕನ್ನಡದಲ್ಲಿ ನಾವು ‘ಮೇಲೆ’ ಅನ್ನುತ್ತೇವೆ, ‘ಬನ್ನೂರು ಮೇಲೆ ಹೋದ್ವಿ’ ಅಂತ. ಇಂಗ್ಲಿಷಿನವರು ‘ಆನ್’ ಅಲ್ಲ, ‘ಬೈ’ ಅನ್ನುತ್ತಾರೆ. ಊರಿನ ಹೆಸರಷ್ಟೇ ಹೇಳುವಾಗ ‘ವಯಾ’ ಇನ್ನೂ ಸಲೀಸು.

ಬೈ ಎಂಬ ಈ ‘ಪಕ್ಕ’ ಬೇರೆ ಪದಗಳ ಒಳಗೂ ಅಡಗಿ ಕೂತಿದೆ. ಬಿಹೈಂಡ್, ಬಿಫೋರ್, ಬಿಲೋ, ಬಿಟ್ವೀನ್, ಬಿಸೈಡ್. ಇವೆಲ್ಲದರ ಮೊದಲಿನ ‘ಬಿ’ ಸವೆದುಹೋದ ಬೈ. ಬಿಸೈಡ್ ಅಂದರೆ ನೇರವಾಗಿ ‘ಬೈ ಸೈಡ್’, ಮಗ್ಗುಲಲ್ಲಿ. ಎಲ್ಲಕ್ಕಿಂತ ಮಜಾ ಇರುವುದು ಬಿಕಾಸ್. ಅದು ಮೊದಲು ‘ಬೈ ಕಾಸ್’ ಅಂತ ಎರಡು ಪದ. ಕಾಸ್ ಅಂದರೆ ಕಾರಣ. ‘ಕಾರಣದಿಂದ’ ಅಂತ ನಾವು ಎರಡು ತುಂಡು ಜೋಡಿಸುವ ಹಾಗೆಯೇ ಅವರೂ ಜೋಡಿಸಿದರು, ಆಮೇಲೆ ಜೋಡಿಸಿದ್ದು ಮರೆತೇಹೋಯಿತು.

ಯಾರು ಮಾಡಿದರು?

ಶಾಲೆಯಲ್ಲಿ ಬೈ ಅಂದ ತಕ್ಷಣ ನೆನಪಾಗುವುದು ಪ್ಯಾಸಿವ್ ವಾಯ್ಸ್. ಮೈಸೂರು ಅರಮನೆಯನ್ನೇ ತೆಗೆದುಕೊಳ್ಳೋಣ. ಹಳೆಯ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆ ಸಮಯದಲ್ಲಿ ಬೆಂಕಿಗೆ ಸಿಕ್ಕಿತು. ಈಗಿನ ಅರಮನೆಯ ನಕ್ಷೆ ಮಾಡಿದ್ದು ಹೆನ್ರಿ ಇರ್ವಿನ್ ಎಂಬ ಬ್ರಿಟಿಷ್ ವಾಸ್ತುಶಿಲ್ಪಿ. ಕಟ್ಟಿ ಮುಗಿದದ್ದು 1912ರಲ್ಲಿ. ಇಂಗ್ಲಿಷಿನಲ್ಲಿ ಹೇಳುವಾಗ ಹಳೆಯದು ‘ಡಿಸ್ಟ್ರಾಯ್ಡ್ ಬೈ ಫೈರ್’, ಹೊಸದು ‘ಡಿಸೈನ್ಡ್ ಬೈ ಹೆನ್ರಿ ಇರ್ವಿನ್’. ಮನುಷ್ಯನಿಗೂ ಬೈ, ಬೆಂಕಿಗೂ ಬೈ. ಮಾಡಿದವನಿಗೆ ಜೀವ ಇರಲೇಬೇಕು ಅಂತಿಲ್ಲ. ಬೆಂಕಿ, ಗಾಳಿ, ಮಳೆ, ಪ್ರವಾಹ, ಸಿಡಿಲು ಇವು ಯಾರ ಕೈಯಲ್ಲೂ ಇಲ್ಲದೆ ತಾವೇ ಕೆಲಸ ಮಾಡುವಂಥವು, ಹಾಗಾಗಿ ಬೈ.

ಈಗ ಕೀಲಿಯ ವಿಷಯ ಅರ್ಥವಾಗುತ್ತದೆ. ಕಾವಲುಗಾರ ಕೀಲಿಯಿಂದ ಬಾಗಿಲು ತೆಗೆದ. ಇಲ್ಲಿ ಕೀಲಿ ಕಾವಲುಗಾರನ ಕೈಯಲ್ಲಿದೆ. ಹಿಡಿದು ಬಳಸುವ ವಸ್ತುವಿಗೆ ‘ವಿತ್’, ಬಳಸಿದವನಿಗೆ ‘ಬೈ’. ‘ದ ಡೋರ್ ವಾಸ್ ಓಪನ್ಡ್ ಬೈ ದ ಗಾರ್ಡ್ ವಿತ್ ಎ ಕೀ.’ ಕನ್ನಡದಲ್ಲಿ ಎರಡಕ್ಕೂ ‘ಇಂದ’ ಹಾಕಿ ‘ಕಾವಲುಗಾರನಿಂದ ಕೀಲಿಯಿಂದ ತೆರೆಯಲ್ಪಟ್ಟಿತು’ ಅಂದರೆ ಯಾರು ಯಾರನ್ನು ತೆರೆದರು ಅಂತ ಎರಡು ಸಲ ಯೋಚಿಸಬೇಕು. ಇಂಗ್ಲಿಷ್ ಇಲ್ಲಿ ನಮಗಿಂತ ಸ್ಪಷ್ಟ. ಹಾಗಂತ ಎಲ್ಲ ಕಡೆ ಗೆರೆ ಇಷ್ಟು ಗಟ್ಟಿಯಾಗಿಲ್ಲ. ದಸರಾದಲ್ಲಿ ಅರಮನೆ ಸುಮಾರು ಒಂದು ಲಕ್ಷ ಬಲ್ಬುಗಳಿಂದ ಬೆಳಗುತ್ತದೆ. ಅದಕ್ಕೆ ‘ಲಿಟ್ ಬೈ’ ಅಂದರೂ ಸರಿ, ‘ಲಿಟ್ ವಿತ್’ ಅಂದರೂ ಸರಿ. ಬಲ್ಬು ತಾನೇ ಬೆಳಗಿತು ಅಂತ ನೋಡಿದರೆ ಬೈ, ಯಾರೋ ಬಲ್ಬು ಹಾಕಿ ಬೆಳಗಿಸಿದರು ಅಂತ ನೋಡಿದರೆ ವಿತ್.

ಈ ಪ್ಯಾಸಿವ್ ಬೈ ನಮ್ಮ ಕನ್ನಡಕ್ಕೆ ಮಾಡಿರುವ ಕೆಲಸದ ಬಗ್ಗೆ ಒಂದು ಮಾತು ಹೇಳಲೇಬೇಕು. ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಅಂತ ಕರ್ಮಣಿ ಪ್ರಯೋಗದ ಪಾಠದಲ್ಲಿ ಓದಿದ್ದೇವೆ. ಪಾಠದ ಹೊರಗೆ ಯಾವ ಅಜ್ಜಿಯೂ ಹೀಗೆ ರಾಮಾಯಣ ಹೇಳಿಲ್ಲ. ‘ರಾಮ ರಾವಣನ್ನ ಕೊಂದ’ ಅಂತಾರೆ. ಅಥವಾ ಒತ್ತು ಬೇಕಿದ್ದರೆ ‘ರಾವಣನ್ನ ಕೊಂದಿದ್ದು ರಾಮ’. ಮೇಲೆ ನಾನು ‘ನಕ್ಷೆ ಮಾಡಿದ್ದು ಹೆನ್ರಿ ಇರ್ವಿನ್’ ಅಂತ ಬರೆದದ್ದೂ ಇದೇ ಜಾಡು. ಬೈ ಕಂಡ ಕೂಡಲೇ ‘ಇಂದ’ ಮತ್ತು ‘ಲ್ಪಟ್ಟಿತು’ ಅಂಟಿಸುವುದು ಅನುವಾದದವರ ಚಟ. ಸರ್ಕಾರಿ ಸುತ್ತೋಲೆಗಳಲ್ಲಂತೂ ‘ಸದರಿ ಅರ್ಜಿಯು ಇವರಿಂದ ಪರಿಶೀಲಿಸಲ್ಪಟ್ಟು’ ಅಂತ ಶುರುವಾದರೆ ವಾಕ್ಯ ಮುಗಿಯುವಷ್ಟರಲ್ಲಿ ಅರ್ಜಿ ಯಾವುದು ಅನ್ನುವುದೇ ಮರೆತಿರುತ್ತದೆ. ಪುಸ್ತಕದ ಮೇಲಿನ ‘ಬೈ’ಗೂ ಇದೇ ಮಾತು. ಇಂಗ್ಲಿಷಿನಲ್ಲಿ ‘ಎ ನಾವೆಲ್ ಬೈ’ ಅಂತ ಲೇಖಕರ ಹೆಸರು. ಕನ್ನಡದಲ್ಲಿ ಇಂಥವರ ಕಾದಂಬರಿ, ಅಷ್ಟೇ.

ಹೇಗೆ ಬಂದಿರಿ?

ಮೈಸೂರಿನಿಂದ ಮಂಡ್ಯಕ್ಕೆ ಬಸ್ಸಲ್ಲಿ ಬಂದೆ. ‘ಐ ಕೇಮ್ ಬೈ ಬಸ್.’ ಬಸ್ ಮುಂದೆ ಎ, ದ, ಮೈ ಏನೂ ಇಲ್ಲ. ಇಲ್ಲಿ ಬಸ್ ಅಂದರೆ ಯಾವುದೋ ಒಂದು ಬಸ್ ಅಲ್ಲ, ಬರುವ ವಿಧಾನ. ಬೈ ಟ್ರೈನ್, ಬೈ ಕಾರ್, ಬೈ ಆಟೋ ಎಲ್ಲ ಹೀಗೆಯೇ. ಆದರೆ ಇಂಥದ್ದೇ ಗಾಡಿ ಅಂತ ಹೇಳಿದ ಕೂಡಲೇ ಸಾಮಾನ್ಯವಾಗಿ ಬೈ ಜಾಗ ಬಿಡುತ್ತದೆ. ‘ಬೈ ಟ್ರೈನ್’ ಹೋಗುವವನು ‘ಆನ್ ದ ಚಾಮುಂಡಿ ಎಕ್ಸ್‌ಪ್ರೆಸ್’ ಹೋಗುತ್ತಾನೆ. ‘ಬೈ ಕಾರ್’ ಬಂದವಳು ‘ಇನ್ ಮೈ ಬ್ರದರ್ಸ್ ಕಾರ್’ ಬರುತ್ತಾಳೆ. ‘ಬೈ ಮೈ ಕಾರ್’ ಅಂದರೆ ಕೇಳಿದವರಿಗೆ ಅರ್ಥವಾಗುತ್ತದೆ, ಕಿವಿಗೆ ಮಾತ್ರ ಚುಚ್ಚುತ್ತದೆ. ಒಳಗೆ ಎದ್ದು ಓಡಾಡುವ ಜಾಗ ಇರುವ ಬಸ್ಸು, ರೈಲು, ವಿಮಾನಕ್ಕೆ ಆನ್. ಹತ್ತಿ ಕೂರುವ ಬೈಕು, ಸೈಕಲ್ಲಿಗೂ ಆನ್. ಮುದುರಿ ಕೂರುವ ಕಾರು, ಆಟೋಗೆ ಇನ್. ‘ಬೈ ದ ಸೆವೆನ್ ತರ್ಟಿ ಬಸ್’ ಅಂತ ಹೊತ್ತು ಸೇರಿಸಿ ಹೇಳುವಾಗ ಮಾತ್ರ ಬೈ ಉಳಿಯಬಹುದು.

ನಡೆದು ಹೋಗುವುದಕ್ಕೆ? ನಮ್ಮಲ್ಲಿ ಎಲ್ಲರೂ ‘ಬೈ ವಾಕ್’ ಅನ್ನುತ್ತೇವೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಬೈ ವಾಕ್ ಹತ್ತಿದೆ ಅಂತ ಹೇಳದ ಮೈಸೂರಿನವರು ಕಡಿಮೆ. ಇಂಗ್ಲಿಷಿನಲ್ಲಿ ಇದು ‘ಆನ್ ಫುಟ್’. ಬೈ ವಾಹನಗಳ ಗುಂಪಿಗೆ ಸೇರಿದ್ದು, ಕಾಲನ್ನು ಅದು ವಾಹನ ಅಂತ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಊರಲ್ಲಿ ಮಾತಾಡುವಾಗ ಬೈ ವಾಕ್ ಬಿಡಬೇಕಾಗಿಲ್ಲ. ಪರೀಕ್ಷೆ, ಸಂದರ್ಶನ, ಹೊರದೇಶದ ಮೇಲ್ ಇವುಗಳಲ್ಲಿ ಮಾತ್ರ ಆನ್ ಫುಟ್ ಬರೆಯಿರಿ.

ವಾಹನದ ಹಾಗೆಯೇ ಕಳಿಸುವ ದಾರಿಗಳು: ಬೈ ಪೋಸ್ಟ್, ಬೈ ಇಮೇಲ್, ಬೈ ಫೋನ್. ಮೈಸೂರಿನ ಕಚೇರಿಗಳಲ್ಲಿ ‘ಬೈ ಹ್ಯಾಂಡ್ ತಗೊಂಡ್ಬನ್ನಿ’ ಅಂತಾರಲ್ಲ, ಅದು ಒಳ್ಳೆಯ ಇಂಗ್ಲಿಷೇ. ಖುದ್ದಾಗಿ ತಂದು ಕೊಡಿ ಅಂತ. ಅದೇ ಬೈ ಹ್ಯಾಂಡ್ ಸೀರೆಯ ಕಸೂತಿಗೆ ಬಂದರೆ ಯಂತ್ರದಲ್ಲಲ್ಲ, ಕೈಯಲ್ಲೇ ಮಾಡಿದ್ದು. ದುಡ್ಡು ಕೊಡುವಾಗ ಬೈ ಚೆಕ್, ಬೈ ಕಾರ್ಡ್. ನೋಟು ಎಣಿಸಿ ಕೊಟ್ಟರೆ ಮಾತ್ರ ‘ಇನ್ ಕ್ಯಾಶ್’. ಯಾಕೆ ಅಂತ ಕೇಳಿದರೆ ರೂಢಿ ಅನ್ನುವುದಕ್ಕಿಂತ ಜಾಸ್ತಿ ಉತ್ತರ ಇಲ್ಲ.

ಹೇಗೆ ಅನ್ನುವ ಪ್ರಶ್ನೆಗೆ ಕ್ರಿಯೆಯೂ ಉತ್ತರವಾಗಬಹುದು. ‘ಯು ಲರ್ನ್ ಬೈ ಡೂಯಿಂಗ್.’ ಮಾಡಿ ಮಾಡಿ ಕಲಿಯುವುದು. ಬೈ ಮುಂದೆ ಕ್ರಿಯಾಪದ ಬಂದರೆ ಅದಕ್ಕೆ ಇಂಗ್ ಸೇರಲೇಬೇಕು. ಕನ್ನಡಕ್ಕೆ ತರುವಾಗ ‘ಮಾಡುವ ಮೂಲಕ’ ಅಂತ ಬರೆಯುವ ಅಭ್ಯಾಸ ಪತ್ರಿಕೆಗಳಲ್ಲಿ ಬೆಳೆದುಬಿಟ್ಟಿದೆ. ‘ದೀಪ ಬೆಳಗಿಸುವ ಮೂಲಕ ಉದ್ಘಾಟಿಸಿದರು.’ ‘ದೀಪ ಬೆಳಗಿಸಿ ಉದ್ಘಾಟಿಸಿದರು’ ಅಂದರೆ ಏನು ಕಡಿಮೆಯಾಯಿತು? ಕನ್ನಡದ ‘ಮಾಡಿ’ಯೇ ಇಂಗ್ಲಿಷಿನ ಬೈ ಡೂಯಿಂಗ್. ‘ಮೂಲಕ’ ಬೇಕಾಗುವ ಜಾಗ ಬೇರೆ ಇದೆ, ಇಲ್ಲಿ ಅದು ಬರೀ ಭಾರ.

ವಿಧಾನ ಹೇಳುವ ಕೆಲವು ಬೈಗಳು ಗಟ್ಟಿಯಾಗಿ ಅಚ್ಚಾಗಿಬಿಟ್ಟಿವೆ. ಬೈ ಮಿಸ್ಟೇಕ್ ಅಂದರೆ ಗೊತ್ತಿಲ್ಲದೆ, ಬೈ ಚಾನ್ಸ್ ಅಂದರೆ ಅಚಾನಕ್ಕಾಗಿ, ಬೈ ಫೋರ್ಸ್ ಅಂದರೆ ಬಲವಂತವಾಗಿ. ಬೈ ಹಾರ್ಟ್ ಅಂತೂ ಕನ್ನಡದ ಪದವೇ ಆಗಿಹೋಗಿದೆ. ‘ಮಗ್ಗಿ ಬೈಹಾರ್ಟ್ ಮಾಡಿದ್ಯಾ?’ ಅಂತ ಕೇಳದ ಅಮ್ಮ ಇಲ್ಲ. ಇಂಗ್ಲಿಷಿನಲ್ಲಿ ಅದು ‘ಲರ್ನ್ ಬೈ ಹಾರ್ಟ್’, ‘ನೋ ಬೈ ಹಾರ್ಟ್’ ಅಂತ ಬಳಕೆ. ‘ಐ ಬೈಹಾರ್ಟೆಡ್ ಇಟ್’ ಅನ್ನುವುದು ನಮ್ಮ ದೇಶದ ಕಡೆಯ ತಯಾರಿಕೆ.

ಯಾವಾಗಿನ ಒಳಗೆ?

ಬೈ ಬಳಕೆಗಳಲ್ಲಿ ಅತಿ ಹೆಚ್ಚು ನಷ್ಟ ಮಾಡುವುದು ಇದು. ತಪ್ಪಾದರೆ ಬರೀ ವ್ಯಾಕರಣ ಕೆಡುವುದಿಲ್ಲ, ಕೆಲಸವೇ ಕೆಡುತ್ತದೆ. ‘ಐ ವಿಲ್ ಬಿ ದೇರ್ ಬೈ ಫೈವ್’ ಅಂದರೆ ಐದಕ್ಕೋ ಅದಕ್ಕೂ ಮುಂಚೆಯೋ ಬಂದು ಸೇರುತ್ತೇನೆ. ‘ಐ ವಿಲ್ ಬಿ ದೇರ್ ಟಿಲ್ ಫೈವ್’ ಅಂದರೆ ಐದರ ತನಕ ಅಲ್ಲೇ ಇರುತ್ತೇನೆ, ಆಮೇಲೆ ಹೊರಡುತ್ತೇನೆ. ಒಂದು ಬರುವ ಗಡುವು, ಇನ್ನೊಂದು ಇರುವ ಅವಧಿ. ಬೈ ಒಂದೇ ಒಂದು ಗಳಿಗೆಯ ಕಡೆ ನೋಡುತ್ತದೆ. ಟಿಲ್ ಆ ಗಳಿಗೆ ತನಕ ಹರಡಿಕೊಂಡಿರುವ ಹೊತ್ತನ್ನೆಲ್ಲ ಹಿಡಿಯುತ್ತದೆ.

ಇಲ್ಲಿ ಕನ್ನಡಿಗರಿಗೆ ಒಂದು ಅನುಕೂಲ ಇದೆ. ಹಿಂದಿಯಲ್ಲಿ ಈ ಎರಡಕ್ಕೂ ‘ತಕ್’ ಒಂದೇ ಪದ. ಶುಕ್ರವಾರ ‘ತಕ್’ ಕೆಲಸ ಮುಗಿಸು, ಶುಕ್ರವಾರ ‘ತಕ್’ ಇಲ್ಲೇ ಇರು. ಹಾಗಾಗಿ ಹಿಂದಿ ಮಾತಾಡುವವರು ‘ಫಿನಿಶ್ ಇಟ್ ಟಿಲ್ ಫ್ರೈಡೇ’ ಅಂತ ಬರೆದುಬಿಡುವುದುಂಟು. ನಮ್ಮಲ್ಲಿ ‘ಒಳಗೆ’ ಬೇರೆ, ‘ವರೆಗೆ’ ಬೇರೆ. ಶುಕ್ರವಾರದೊಳಗೆ ಮುಗಿಸು, ಶುಕ್ರವಾರದವರೆಗೆ ಇರು. ಮೊದಲು ಕನ್ನಡದಲ್ಲಿ ಹೇಳಿಕೊಂಡರೆ ಸಾಕು. ‘ಒಳಗೆ’ ಬಂದರೆ ಬೈ, ‘ವರೆಗೆ’ ಅಥವಾ ‘ತನಕ’ ಬಂದರೆ ಟಿಲ್ ಅಥವಾ ಅಂಟಿಲ್.

ಅನುಕೂಲದ ಜೊತೆ ಒಂದು ಬಲೆಯೂ ಇದೆ. ‘ಐದು ಗಂಟೆಯೊಳಗೆ ಬಾ’ ಅಂದರೆ ಏನು? ಗಡಿಯಾರದಲ್ಲಿ ಐದು ಹೊಡೆಯುವುದರೊಳಗೆ ಅಂತಲೂ ಆಗಬಹುದು, ಈಗಿನಿಂದ ಲೆಕ್ಕ ಹಾಕಿ ಐದು ತಾಸಿನ ಒಳಗೆ ಅಂತಲೂ ಆಗಬಹುದು. ಕನ್ನಡದಲ್ಲಿ ‘ಗಂಟೆ’ ಎರಡಕ್ಕೂ ಬರುತ್ತದೆ, ‘ಒಳಗೆ’ಯೂ ಎರಡಕ್ಕೂ ಬರುತ್ತದೆ. ಇಂಗ್ಲಿಷ್ ಇಲ್ಲಿ ಎರಡು ಬಾಗಿಲು ಇಟ್ಟಿದೆ. ಗಡಿಯಾರದ ಹೊತ್ತು, ವಾರ, ತಾರೀಕು ಇವಕ್ಕೆ ಬೈ. ಇಷ್ಟು ತಾಸು, ಇಷ್ಟು ದಿನ ಅನ್ನುವ ಅವಧಿಗೆ ವಿದಿನ್. ‘ಬೈ ಫೈವ್ ಅವರ್ಸ್’ ಅಂತ ಗಡುವು ಹೇಳಲು ಬರುವುದಿಲ್ಲ. ಕನ್ನಡದಲ್ಲಿ ಅನುಮಾನ ಬೇಡ ಅಂದರೆ ‘ಐದು ಗಂಟೆ ಹೊತ್ತಿಗೆ’ ಅನ್ನಿ.

ಗಡುವಿನ ದಿನ ಲೆಕ್ಕಕ್ಕೆ ಸೇರುತ್ತದೋ ಇಲ್ಲವೋ? ‘ಅರ್ಜಿ ಬೈ ಫಿಫ್ಟೀಂತ್ ಕೊಡಿ’ ಅಂದರೆ ಸಾಮಾನ್ಯ ಬಳಕೆಯಲ್ಲಿ 15ನೇ ತಾರೀಕೂ ಸೇರುತ್ತದೆ. ‘ಬಿಫೋರ್ ಫಿಫ್ಟೀಂತ್’ ಅಂದರೆ 14ಕ್ಕೇ ಮುಗಿಯಿತು. ಆದರೆ ಕೌಂಟರಿನಲ್ಲಿ ಜಗಳ ಆಗುವುದು ಇಂಥ ಸಣ್ಣ ಪದಗಳ ಮೇಲೆಯೇ. ಅದಕ್ಕೇ ಎಚ್ಚರಿಕೆ ಇರುವ ನೋಟೀಸುಗಳಲ್ಲಿ ‘ಆನ್ ಆರ್ ಬಿಫೋರ್’ ಅಂತ ಬರೆಯುತ್ತಾರೆ. ಆ ದಿನ ಅಥವಾ ಅದಕ್ಕೂ ಮೊದಲು. ನೀವು ನೋಟೀಸ್ ಬರೆಯುವ ಜಾಗದಲ್ಲಿದ್ದರೆ ಅದನ್ನೇ ಬರೆಯಿರಿ, ಅರ್ಜಿ ಕೊಡುವ ಜಾಗದಲ್ಲಿದ್ದರೆ 14ಕ್ಕೇ ಕೊಟ್ಟುಬಿಡಿ.

‘ಬೈ ದ ಟೈಮ್’ ನಮಗೆ ಕಷ್ಟವೇ ಆಗಬಾರದು, ಯಾಕೆಂದರೆ ಕನ್ನಡದ ವಾಕ್ಯವೂ ಅದೇ ಅಚ್ಚಿನದು. ನಾನು ಹೋಗುವ ಹೊತ್ತಿಗೆ ಬಸ್ಸು ಹೋಗಿತ್ತು. ‘ಬೈ ದ ಟೈಮ್ ಐ ರೀಚ್ಡ್, ದ ಬಸ್ ಹ್ಯಾಡ್ ಲೆಫ್ಟ್.’ ‘ಹೋಗಿತ್ತು’ ಅನ್ನುವ ಆ ಹಿಂದಿನ ಹಿಂದಿನ ಕಾಲವನ್ನೇ ಇಂಗ್ಲಿಷ್ ‘ಹ್ಯಾಡ್’ ಹಾಕಿ ಹೇಳುತ್ತದೆ. ಮುಂದಿನ ಕಾಲಕ್ಕೂ ಹಾಗೆ. ಸೋಮವಾರದ ಹೊತ್ತಿಗೆ ಮುಗಿಸಿರುತ್ತೇನೆ, ‘ಬೈ ಮಂಡೇ ಐ ವಿಲ್ ಹ್ಯಾವ್ ಫಿನಿಶ್ಡ್’. ಫ್ಯೂಚರ್ ಪರ್ಫೆಕ್ಟ್ ಅಂತ ಹೆಸರು ಕೇಳಿ ಹೆದರುವ ಮಕ್ಕಳು ದಿನಾ ಮನೆಯಲ್ಲಿ ‘ಅಷ್ಟೊತ್ತಿಗೆ ಹೋಮ್‌ವರ್ಕ್ ಮುಗಿಸಿರ್ತೀನಿ ಅಮ್ಮ’ ಅನ್ನುತ್ತಿರುತ್ತಾರೆ.

ಎಷ್ಟು?

ಮಳೆಗಾಲದಲ್ಲಿ ಮಂಡ್ಯ, ಮೈಸೂರಿನ ಜನ ಪೇಪರಿನಲ್ಲಿ ಮೊದಲು ನೋಡುವುದು ಕೆಆರ್‌ಎಸ್ ನೀರಿನ ಮಟ್ಟ. ಅಣೆಕಟ್ಟೆ ತುಂಬಿದಾಗ 124.80 ಅಡಿ. ಬೈ ಮತ್ತು ಟು ವ್ಯತ್ಯಾಸ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ನಿನ್ನೆ 118 ಅಡಿ ಇತ್ತು, ಇವತ್ತು 120 ಆಯಿತು ಅಂದುಕೊಳ್ಳಿ. ಇಂಗ್ಲಿಷಿನಲ್ಲಿ ‘ರೋಸ್ ಬೈ ಟು ಫೀಟ್’ ಅಂದರೆ ಎರಡು ಅಡಿ ಏರಿತು. ‘ರೋಸ್ ಟು 120 ಫೀಟ್’ ಅಂದರೆ 120ಕ್ಕೆ ಮುಟ್ಟಿತು. ಬೈ ಹೇಳುವುದು ವ್ಯತ್ಯಾಸ, ಟು ಹೇಳುವುದು ಮುಟ್ಟಿದ ಜಾಗ. ಅದಲು ಬದಲಾದರೆ 120 ಅಡಿ ಏರಿದ ಹಾಗಾಗುತ್ತದೆ, ಆಗ ಕೆಳಗಿನ ಊರುಗಳ ಗತಿ!

ಕನ್ನಡ ಇದನ್ನು ಪ್ರತ್ಯಯದಲ್ಲೇ ಹೇಳಿ ಮುಗಿಸುತ್ತದೆ. ‘ಎರಡಡಿ ಏರಿತು’, ಪ್ರತ್ಯಯವೇ ಇಲ್ಲ. ‘120 ಅಡಿಗೆ ಏರಿತು’, ‘ಗೆ’ ಬಂತು. ಅಂದರೆ ವ್ಯತ್ಯಾಸದ ಬೈಗೆ ಕನ್ನಡದಲ್ಲಿ ಸಮಾನ ಪದ ಹುಡುಕಿದರೆ ಸಿಗುವುದು ಖಾಲಿ ಜಾಗ. ‘ಎರಡು ಅಡಿಗಳಿಂದ ಏರಿತು’ ಅಂತ ಅನುವಾದ ಮಾಡಿದರೆ ಎರಡನೇ ಅಡಿಯಿಂದ ಏರತೊಡಗಿತು ಅನ್ನುವ ಅರ್ಥ ಬಂದು ಎಲ್ಲ ಕೆಡುತ್ತದೆ. ಹಾಲಿನ ದರ, ಬಸ್ ಚಾರ್ಜು, ಸಂಬಳ, ಶೇಕಡಾವಾರು ಎಲ್ಲಕ್ಕೂ ಇದೇ ನಿಯಮ. ‘ಇನ್‌ಕ್ರೀಸ್ಡ್ ಬೈ ಟೆನ್ ಪರ್ಸೆಂಟ್’ ಬೇರೆ, ‘ಇನ್‌ಕ್ರೀಸ್ಡ್ ಟು ಟೆನ್ ಪರ್ಸೆಂಟ್’ ಬೇರೆ. ಬಡ್ಡಿ ಪತ್ರ ಓದುವಾಗ ಈ ಎರಡಕ್ಷರದ ಮೇಲೆ ಕಣ್ಣಿರಲಿ.

ಎಷ್ಟು ಅನ್ನುವುದರ ಇನ್ನೊಂದು ಮುಖ ಅಳತೆಯ ಲೆಕ್ಕ. ದೇವರಾಜ ಮಾರುಕಟ್ಟೆಯಲ್ಲಿ ಹೂವು ಮಾರಿನ ಲೆಕ್ಕ, ಮೊಳದ ಲೆಕ್ಕ. ಕಬ್ಬು ಟನ್ ಲೆಕ್ಕ. ಕೂಲಿ ದಿನದ ಲೆಕ್ಕ. ಈ ‘ಲೆಕ್ಕ’ವೇ ಇಂಗ್ಲಿಷಿನಲ್ಲಿ ಬೈ: ಬೈ ದ ಟನ್, ಬೈ ದ ಡೇ, ಬೈ ದ ಡಜನ್. ಇಲ್ಲಿ ‘ದ’ ಬಿಡುವ ಹಾಗಿಲ್ಲ. ಬೈ ಬಸ್ ಅಂದಾಗ ಬೇಡವಾಗಿದ್ದ ‘ದ’ ಇಲ್ಲಿ ಬೇಕೇ ಬೇಕು. ‘ಬೈ ವೆಯ್ಟ್’ ಅಂತ ಅಳತೆಯ ಬಗೆಯನ್ನಷ್ಟೇ ಹೇಳಿದರೆ ಮತ್ತೆ ಬೇಡ.

ಇನ್ನು ಗುಣಾಕಾರ, ಭಾಗಾಕಾರ. ಥರ್ಟಿ ಬೈ ಫಾರ್ಟಿ ಅನ್ನುವುದು ಎಲ್ಲ ಇಂಗ್ಲಿಷಿನವರಿಗೂ ಗೊತ್ತಿರುವ ಬಳಕೆ. ಒಂದು ಬದಿ 30, ಅದರ ಮಗ್ಗುಲಿನದು 40. ಹಳೆಯ ‘ಪಕ್ಕ’ ಅರ್ಥವೇ ಇಲ್ಲಿ ಇಣುಕುತ್ತದೆ ಅಂತ ನನಗೆ ಅನ್ನಿಸುತ್ತದೆ. ‘ಮಲ್ಟಿಪ್ಲೈ ಬೈ’, ‘ಡಿವೈಡ್ ಬೈ’ ಕೂಡ ಎಲ್ಲ ಕಡೆ ನಡೆಯುತ್ತವೆ. ಆದರೆ ಅರ್ಧವನ್ನು ‘ಒನ್ ಬೈ ಟು’ ಅನ್ನುವುದು ನಮ್ಮ ದೇಶದ ಬಳಕೆ. ‘ಒನ್ ಡಿವೈಡೆಡ್ ಬೈ ಟು’ ಅನ್ನುವುದನ್ನು ಮೊಟಕು ಮಾಡಿದ್ದು. ಇಂಗ್ಲೆಂಡಿನಲ್ಲಿ ‘ಎ ಹಾಫ್’ ಅಥವಾ ‘ಒನ್ ಓವರ್ ಟು’ ಅನ್ನುತ್ತಾರೆ. ಲಂಡನ್ನಿನಲ್ಲಿ ಬೈ ಟು ಕೇಳಿದರೆ ಎರಡು ಕಾಫಿ ಬಂದು ಎರಡರ ಬಿಲ್ಲೂ ಬರುವ ಸಾಧ್ಯತೆಯೇ ಜಾಸ್ತಿ.

‘ಒನ್ ಬೈ ಒನ್’ ಮಾತ್ರ ಭಾಗಾಕಾರವೂ ಅಲ್ಲ, ಗುಣಾಕಾರವೂ ಅಲ್ಲ. ಒಬ್ಬೊಬ್ಬರಾಗಿ. ಸ್ಟೆಪ್ ಬೈ ಸ್ಟೆಪ್ ಅಂದರೆ ಹೆಜ್ಜೆ ಹೆಜ್ಜೆಗೆ, ಡೇ ಬೈ ಡೇ ಅಂದರೆ ದಿನೇ ದಿನೇ, ಲಿಟಲ್ ಬೈ ಲಿಟಲ್ ಅಂದರೆ ಸ್ವಲ್ಪ ಸ್ವಲ್ಪವಾಗಿ. ಇಂಗ್ಲಿಷ್ ನಡುವೆ ಬೈ ತುರುಕಿ ಮಾಡುವ ಕೆಲಸವನ್ನು ಕನ್ನಡ ಪದವನ್ನೇ ಎರಡು ಸಲ ಹೇಳಿ ಮಾಡುತ್ತದೆ. ನಮ್ಮ ದಾರಿಯೇ ಚಂದ.

ಚಿಲ್ಲರೆ ಬಳಕೆಗಳು

ಉಳಿದವನ್ನು ಬೇಗ ನೋಡಿಬಿಡೋಣ. ಹಿಡಿದ ಭಾಗ ಹೇಳುವ ಬೈ ಒಂದಿದೆ. ಮಗುವಿನ ಕೈ ಹಿಡಿದುಕೊಂಡಳು, ‘ಶೀ ಹೆಲ್ಡ್ ದ ಚೈಲ್ಡ್ ಬೈ ದ ಹ್ಯಾಂಡ್’. ಕನ್ನಡ ಕೈಯನ್ನು ಹಿಡಿಯುತ್ತದೆ, ಇಂಗ್ಲಿಷ್ ಇಡೀ ಮಗುವನ್ನು ಹಿಡಿದು, ಯಾವ ಕಡೆಯಿಂದ ಅಂತ ಆಮೇಲೆ ಹೇಳುತ್ತದೆ. ‘ಬೈ ಹಿಮ್‌ಸೆಲ್ಫ್’ ಅಂದರೆ ಒಬ್ಬನೇ ಅಂತಲೂ ಹೌದು, ಯಾರ ಸಹಾಯ ಇಲ್ಲದೆ ತಾನೇ ಅಂತಲೂ ಹೌದು. ‘ಬೈ ಪ್ರೊಫೆಷನ್’ ಅಂದರೆ ವೃತ್ತಿಯಲ್ಲಿ, ‘ಬೈ ನೇಚರ್’ ಅಂದರೆ ಸ್ವಭಾವದಲ್ಲಿ, ‘ಬೈ ಮೈ ವಾಚ್’ ಅಂದರೆ ನನ್ನ ಗಡಿಯಾರದ ಪ್ರಕಾರ, ‘ಬೈ ಲಾ’ ಅಂತ ಬಿಡಿಸಿ ಹೇಳಿದರೆ ಕಾನೂನಿನ ಪ್ರಕಾರ. ‘ಬೈ ನೈಟ್’ ಅಂದರೆ ರಾತ್ರಿ ಹೊತ್ತು. ‘ಬೈ ದ ವೇ’ಗೆ ನಮ್ಮ ‘ಅಂದ ಹಾಗೆ’ ಹೇಳಿ ಮಾಡಿಸಿದ ಹಾಗಿದೆ. ‘ಬೈ ಅಂಡ್ ಲಾರ್ಜ್’ ಅಂದರೆ ಹೆಚ್ಚು ಕಡಿಮೆ, ಒಟ್ಟಾರೆ. ಅದು ಹಾಯಿ ಹಡಗಿನವರ ಮಾತು. ಗಾಳಿಗೆ ಎದುರಾಗಿ ಹೋಗುವಾಗ ‘ಬೈ’, ಗಾಳಿ ಹಿಂದಿನಿಂದ ಬೀಸುವಾಗ ‘ಲಾರ್ಜ್’. ಗಾಳಿ ಹೇಗೇ ಬೀಸಿದರೂ ಸರಿ ಅನ್ನುವುದು ಹೋಗಿ ‘ಒಟ್ಟಾರೆ’ ಆಯಿತು.

ಆಣೆಗೂ ಬೈ ಬೇಕು. ಚಾಮುಂಡಿ ಆಣೆ ಅನ್ನುವುದಕ್ಕೆ ‘ಐ ಸ್ವೇರ್ ಬೈ ಚಾಮುಂಡಿ’. ಆದರೆ ‘ಶೀ ಸ್ವೇರ್ಸ್ ಬೈ ಫಿಲ್ಟರ್ ಕಾಫಿ’ ಅಂದರೆ ಕಾಫಿ ಮೇಲೆ ಆಣೆ ಇಟ್ಟಳು ಅಂತಲ್ಲ. ಅವಳಿಗೆ ಫಿಲ್ಟರ್ ಕಾಫಿ ಬಿಟ್ಟರೆ ಬೇರೆ ಯಾವುದೂ ಆಗುವುದಿಲ್ಲ, ಅಷ್ಟು ನಂಬಿಕೆ ಅಂತ.

ಬೈ ಎಲೆಕ್ಷನ್ನಿನ ಬೈ

ಪದದ ಮುಂದೆ ಅಂಟಿಕೊಂಡು ಬರುವ ಬೈ ‘ಪಕ್ಕ’ದಿಂದ ‘ಮುಖ್ಯವಲ್ಲದ್ದು’ ಅನ್ನುವ ಅರ್ಥಕ್ಕೆ ಜಾರಿದೆ. ಮುಖ್ಯ ಚುನಾವಣೆಯ ಪಕ್ಕದಲ್ಲಿ ನಡೆಯುವುದು ಬೈ ಎಲೆಕ್ಷನ್. ಮುಖ್ಯ ಉತ್ಪನ್ನದ ಪಕ್ಕದಲ್ಲಿ ಬರುವುದು ಬೈ ಪ್ರಾಡಕ್ಟ್. ಮಂಡ್ಯದಲ್ಲಿ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಅಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾಯಿತು. ಕಬ್ಬು ಅರೆದರೆ ಸಕ್ಕರೆ ಒಂದೇ ಬರುವುದಿಲ್ಲ. ಕಾಕಂಬಿ ಬರುತ್ತದೆ, ಅದರಿಂದ ಆಲ್ಕೋಹಾಲ್ ತೆಗೆಯುತ್ತಾರೆ. ಸಿಪ್ಪೆ ಉಳಿಯುತ್ತದೆ, ಅದನ್ನು ಬಾಯ್ಲರಿಗೆ ಹಾಕುತ್ತಾರೆ. ಇವೆರಡೂ ಬೈ ಪ್ರಾಡಕ್ಟ್.

ಕನ್ನಡದಲ್ಲಿ ಈ ಬೈಗೆ ‘ಉಪ’ ಹಾಕಿದ್ದಾರೆ. ಉಪಚುನಾವಣೆ, ಉಪ ಉತ್ಪನ್ನ. ಇದು ಯಾರೋ ತುಂಬ ಯೋಚಿಸಿ ಮಾಡಿದ ಆಯ್ಕೆಯ ಹಾಗಿದೆ. ಯಾಕೆಂದರೆ ಸಂಸ್ಕೃತದ ‘ಉಪ’ಕ್ಕೂ ಮೊದಲ ಅರ್ಥ ಹತ್ತಿರ, ಸಮೀಪ. ಉಪನಯನ ಅಂದರೆ ಗುರುವಿನ ಹತ್ತಿರ ಕರೆದೊಯ್ಯುವುದು. ಅಲ್ಲಿಂದ ಅದೂ ‘ಎರಡನೆಯದು, ಸಣ್ಣದು’ ಅನ್ನುವ ಅರ್ಥಕ್ಕೆ ಇಳಿಯಿತು. ಒಂದಕ್ಕೊಂದು ಸಂಬಂಧ ಇಲ್ಲದ ಎರಡು ಪದ ಒಂದೇ ದಾರಿಯಲ್ಲಿ ನಡೆದಿವೆ. ಕ್ರಿಕೆಟ್ಟಿನ ಬೈ ಕೂಡ ಇದೇ ಕುಟುಂಬದ್ದು. ಚೆಂಡು ಬ್ಯಾಟಿಗೂ ಮೈಗೂ ತಾಗದೆ ಪಕ್ಕದಲ್ಲಿ ಹಾದುಹೋದಾಗ ಓಡಿದ ರನ್ನು.

ನೋಡಲು ಬೈ ಅನ್ನಿಸಿದರೂ ಬೈ ಅಲ್ಲದವೂ ಇವೆ. ಗುಡ್‌ಬೈ ‘ಗಾಡ್ ಬಿ ವಿತ್ ಯೀ’ ಎಂಬ ಹರಕೆ ಸವೆದು ಆದದ್ದು. ದೇವರು ನಿಮ್ಮ ಜೊತೆಗಿರಲಿ ಅಂತ. ಇಂಗ್ಲೆಂಡಿನ ಡರ್ಬಿ, ವಿಟ್ಬಿ ಊರುಗಳ ಕೊನೆಯ ‘ಬಿ’ಯನ್ನು ಇಂಗ್ಲಿಷಿನಲ್ಲಿ ಬೈ ಬರೆಯುವ ಎರಡು ಅಕ್ಷರಗಳಲ್ಲೇ ಬರೆಯುತ್ತಾರೆ. ಆದರೆ ಅದು ವೈಕಿಂಗರು ಬಿಟ್ಟುಹೋದ ಪದ, ಅರ್ಥ ಊರು, ಹಳ್ಳಿ. ನಮ್ಮ ‘ಹಳ್ಳಿ’, ‘ಪುರ’ ಇದ್ದ ಹಾಗೆ.

ಆ ಊರಿನ ಪದವೇ ಇನ್ನೊಂದು ಕಡೆ ಬಂದು ಕೂತಿದೆ ಅಂತ ಪದಗಳ ಚರಿತ್ರೆ ಬಲ್ಲವರು ಹೇಳುತ್ತಾರೆ, ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಗಳ ‘ಬೈಲಾ’ದಲ್ಲಿ. ಬೈಲಾ ಮೊದಲಿಗೆ ಒಂದು ಊರಿನವರು ತಮ್ಮಷ್ಟಕ್ಕೆ ಮಾಡಿಕೊಂಡ ಕಟ್ಟಳೆ. ಆಮೇಲೆ ಇಂಗ್ಲಿಷಿನವರೇ ಅದನ್ನು ಬೈ ಎಲೆಕ್ಷನ್ನಿನ ಬೈ ಅಂದುಕೊಂಡು ‘ಚಿಕ್ಕ ಕಾನೂನು’ ಅಂತ ಅರ್ಥ ಮಾಡಿಕೊಂಡರು. ನಾವು ಅದನ್ನು ನಂಬಿ ‘ಉಪವಿಧಿ’ ಅಂತ ಕನ್ನಡ ಮಾಡಿದೆವು. ಮದ್ದೂರು ಕಡೆಯ ಯಾವುದೋ ಹಳ್ಳಿಯ ಡೈರಿ ಅಧ್ಯಕ್ಷರು ‘ಇದು ನಮ್ಮೂರ ಕಟ್ಟಳೆ ಕಣಪ್ಪ’ ಅಂದರೆ, ಅವರ ಮಾತೇ ಹಳೆಯ ಅರ್ಥಕ್ಕೆ ಜಾಸ್ತಿ ಹತ್ತಿರ.